ಅವ್ವನ ಕೊನೆಯ ದಿನಗಳ ಬಗ್ಗೆ ಅವ್ವನನ್ನೇ ಕೇಳುವುದು ಹೇಗೆ?

ಶಹಾಬಾದ್ ಮಗಳು

ಎಲ್ಲರಿಗೂ ಶರಣು. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತು, ಇವತ್ತು ಬರೆಯುತ್ತಿದ್ದೇನೆ.

ಅವ್ವನಿಗೆ 72 ವರ್ಷ. ಬದುಕೆಲ್ಲ ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು. ಆ ಹೊಗೆಯೇ ಶ್ವಾಸಕೋಶ ಹಾಳು ಮಾಡಿದೆ. ಚೀಟಿಯಲ್ಲಿ ಸಿಒಪಿಡಿ ಅಂತ ಬರೆದಿದ್ದಾರೆ, ಉಸಿರಾಟದ ದೀರ್ಘ ಕಾಯಿಲೆ. ಈ ವರ್ಷ ಮೂರು ಸಲ ಅಡ್ಮಿಟ್ ಆಗಿದ್ದಾಳೆ. ಹೋದ ತಿಂಗಳು ಮನೆಗೆ ಕಳಿಸುವಾಗ ಡಾಕ್ಟರ್ ನನ್ನನ್ನು ಹೊರಗೆ ಕರೆದರು. "ಮುಂದಿನ ಸಲ ವೆಂಟಿಲೇಟರ್ ಬೇಕಾಗಬಹುದು. ಹಾಕಿದ ಮೇಲೆ ಬಿಡಿಸೋದು ಕಷ್ಟ ಆಗಬಹುದು. ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ" ಎಂದರು.

ಮಾತಾಡಿಕೊಳ್ಳುವುದು ಹೇಗೆ ಅಂತ ತಿಳಿಯುತ್ತಿಲ್ಲ. ಮೂರು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆಯಿತು. ದೂರದ ದೊಡ್ಡ ದವಾಖಾನೆಗೆ ಒಯ್ದೆವು. 19 ದಿನ ಐಸಿಯು. ಗಂಟಲಿಗೆ ನಳಿಗೆ ಹಾಕಿದ್ದರು. ಅದನ್ನು ಕಿತ್ತುಕೊಳ್ಳಬಾರದು ಅಂತ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ಪುಣೆಯಲ್ಲಿರುವ ದೊಡ್ಡಣ್ಣ "ಇನ್ನೂ ನಡೆಸ್ರಿ" ಅಂದ. ಸಣ್ಣಣ್ಣ "ಊರಿಗೆ ಒಯ್ಯೋಣ" ಅಂದ. ನನ್ನನ್ನು ಯಾರೂ ಕೇಳಲಿಲ್ಲ. ಮದುವೆ ಮಾಡಿ ಕೊಟ್ಟ ಮಗಳನ್ನು ಇಂಥದ್ದರಲ್ಲಿ ಕೇಳುವ ರೂಢಿ ನಮ್ಮಲ್ಲಿಲ್ಲ. ಕೊನೆಗೆ "ನಮ್ಮ ಜವಾಬ್ದಾರಿ ಮೇಲೆ ಒಯ್ಯುತ್ತೇವೆ" ಅಂತ ಸಹಿ ಮಾಡಿ ಆಂಬ್ಯುಲೆನ್ಸಿನಲ್ಲಿ ತಂದೆವು. ಮನೆ ಮುಟ್ಟುವ ಮೊದಲೇ ಅಪ್ಪ ಹೋದರು.

ಸಹಿ ಮಾಡಿದ್ದು ಸಣ್ಣಣ್ಣ. "ನೀನೇ ಅಪ್ಪನ್ನ ಕೊಂದಿ" ಅಂತ ದೊಡ್ಡಣ್ಣ ಅಂದ. ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದಾರೆ.

ಅಪ್ಪನಿಗೆ ಏನು ಬೇಕಿತ್ತು ಅಂತ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನನ್ನು ಸುಡುತ್ತಿರುವುದು ಅದೇ. ಅವ್ವ ಇನ್ನೂ ಮಾತಾಡುತ್ತಾಳೆ, ಬುದ್ಧಿ ಚುರುಕಾಗಿದೆ. ಈಗ ಕೇಳದಿದ್ದರೆ ಮತ್ತೆ ಅದೇ ಕಥೆ. ಆದರೆ ಬಾಯಿ ಬರುತ್ತಿಲ್ಲ. ಕೊನೆಗೆ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡಲು ಕಾನೂನು ಇದೆಯಂತೆ. ಅದು ನಮ್ಮ ಕಡೆ ನಡೆಯುತ್ತದೆಯೇ? ತಿಳಿದವರು ಹೇಳಿ.

ಜೇವರ್ಗಿ ಕಾಕಾ

ತಂಗಿ, ನಿನ್ನ ನೋವು ತಿಳಿಯುತ್ತದೆ. ಆದರೆ ಹೇಳುತ್ತೇನೆ, ಕೇಳಬೇಡ. ಉಸಿರಿಗೆ ಒದ್ದಾಡುವ ಜೀವದ ಮುಂದೆ ಸಾವಿನ ಮಾತು ಎತ್ತಿದರೆ ಎದೆ ಒಡೆದುಕೊಳ್ಳುತ್ತಾರೆ. "ನಾನು ಇವರಿಗೆ ಭಾರ ಆದೆ" ಅಂದುಕೊಳ್ಳುತ್ತಾರೆ. ನಮ್ಮ ಓಣಿಯಲ್ಲೇ ಡಾಕ್ಟರ್ ಕೈಬಿಟ್ಟ ಒಬ್ಬರು ಎಂಟು ವರ್ಷ ಬದುಕಿದರು. ಯಾರ ಆಯುಷ್ಯ ಎಷ್ಟು ಅಂತ ಯಾರು ಹೇಳುತ್ತಾರೆ? ಕೈಲಾದಷ್ಟು ಮಾಡುವುದು ಮಕ್ಕಳ ಧರ್ಮ.

ಬೀದರ್ ನರ್ಸಕ್ಕ

ತಂಗಿ, ನಾನು 22 ವರ್ಷ ನರ್ಸ್ ಆಗಿದ್ದೇನೆ. ಅದರಲ್ಲಿ 9 ವರ್ಷ ಐಸಿಯುನಲ್ಲಿ. ಕಾಕಾ ಹೇಳಿದ ಹೆದರಿಕೆ ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ನಾನು ಕಂಡಿದ್ದು ಬೇರೆ. ಮುದುಕರು ಈ ಮಾತಿಗೆ ಹೆದರುವುದಕ್ಕಿಂತ ಮಕ್ಕಳು ಜಾಸ್ತಿ ಹೆದರುತ್ತಾರೆ. ಎಷ್ಟೋ ಜನ ಅಜ್ಜಿಯರು ರಾತ್ರಿ ಡ್ಯೂಟಿಯಲ್ಲಿ ನನ್ನ ಕೈ ಹಿಡಿದು "ನನ್ನ ಮನಿಗಿ ಕಳಸವ್ವಾ" ಅಂದಿದ್ದಾರೆ. ಅದೇ ಮಾತನ್ನು ಮಕ್ಕಳ ಮುಂದೆ ಆಡುವುದಿಲ್ಲ. ಮಕ್ಕಳು ಬೇಜಾರಾಗುತ್ತಾರೆ ಅಂತ.

"ನಿನಗೆ ಕೊನೆಗೆ ಏನು ಬೇಕು?" ಅಂತ ನೇರ ಕೇಳಬೇಡಿ. ಅಪ್ಪನಿಂದ ಶುರು ಮಾಡಿ. "ಅವ್ವಾ, ಅಪ್ಪ ಐಸಿಯುನಲ್ಲಿದ್ದಾಗ ನಿನಗೆ ಏನನಿಸಿತು?" ಅಂತ ಕೇಳಿ ಸುಮ್ನೆ ಕೂತುಬಿಡಿ. ಕೈಯಲ್ಲಿ ಏನಾದರೂ ಕೆಲಸ ಇರಲಿ, ಸೊಪ್ಪು ಸೋಸುವುದೋ ಬೇಳೆ ಆರಿಸುವುದೋ. ಮುಖ ಮುಖ ನೋಡಿಕೊಂಡು ಈ ಮಾತು ಬರುವುದಿಲ್ಲ. ಒಂದೇ ದಿನದಲ್ಲಿ ಮುಗಿಸಬೇಡಿ.

ಇನ್ನು ನಿಮ್ಮ ಅವ್ವನ ಕಾಯಿಲೆಯ ಮಾತು. ಸಿಒಪಿಡಿಯಲ್ಲಿ ವೆಂಟಿಲೇಟರ್ ಅಂದರೆ ಎರಡು ಥರ ಇದೆ. ಒಂದು ಬೈಪ್ಯಾಪ್, ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ ಗಾಳಿ ಒತ್ತುವುದು. ಅದನ್ನು ನಡುನಡುವೆ ತೆಗೆದು ನೀರು ಕುಡಿಸಬಹುದು, ಮಾತಾಡಬಹುದು. ಸಿಒಪಿಡಿಯಲ್ಲಿ ಬಹಳ ಸಲ ಅದರಿಂದಲೇ ಚೇತರಿಸಿಕೊಳ್ಳುತ್ತಾರೆ. ಇನ್ನೊಂದು ಗಂಟಲಿಗೆ ನಳಿಗೆ ಇಳಿಸುವುದು. ಆಗ ಮಾತಿಲ್ಲ, ಊಟವಿಲ್ಲ, ಮಂಪರು ಔಷಧ ಕೊಡಬೇಕಾಗುತ್ತದೆ. ಶ್ವಾಸಕೋಶ ತೀರಾ ದಣಿದಿದ್ದರೆ ಆ ನಳಿಗೆ ಬಿಡಿಸುವುದು ಕಷ್ಟ. ಡಾಕ್ಟರ್ ಹೇಳಿದ್ದು ಇದನ್ನೇ ಇರಬೇಕು. ಹಾಗಾಗಿ "ವೆಂಟಿಲೇಟರ್ ಬೇಕೋ ಬೇಡವೋ" ಅನ್ನುವ ಒಂದೇ ಪ್ರಶ್ನೆ ಸಾಲದು. ಮಾಸ್ಕ್ ಸಾಕು, ನಳಿಗೆ ಬೇಡ ಅನ್ನಬಹುದು. ನಳಿಗೆಯೂ ಹಾಕಿ, ಆದರೆ ನಾಲ್ಕೈದು ದಿನ ನೋಡಿ, ಸುಧಾರಿಸದಿದ್ದರೆ ಮುಂದುವರಿಸಬೇಡಿ ಅಂತಲೂ ಹೇಳಬಹುದು. ಇದನ್ನು ಡಾಕ್ಟರ ಬಳಿ ಅವ್ವನನ್ನು ಕೂರಿಸಿಕೊಂಡೇ ಕೇಳಿ.

ಎದೆ ಒತ್ತುವುದರ ಬಗ್ಗೆಯೂ ಕೇಳಿ. ಹೃದಯ ನಿಂತಾಗ ಎದೆ ಒತ್ತಿ ಮತ್ತೆ ನಡೆಸಲು ನೋಡುತ್ತಾರೆ, ಸಿಪಿಆರ್. ಆರೋಗ್ಯವಾಗಿದ್ದವರಿಗೆ ಇದು ಜೀವ ಉಳಿಸಬಹುದು. ಆದರೆ ಕಾಯಿಲೆ ಕೊನೆ ಮುಟ್ಟಿದ ವಯಸ್ಸಾದವರಲ್ಲಿ ಪಕ್ಕೆಲುಬು ಮುರಿಯಬಹುದು, ಜೀವ ಮರಳುವುದು ಅಪರೂಪ. ಇದನ್ನು ಮಾಡುವುದು ಬೇಡ ಅಂತ ಮೊದಲೇ ತೀರ್ಮಾನಿಸುವ ಬಗ್ಗೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಇಷ್ಟೆಲ್ಲ ಬೇಡ ಅಂದರೆ ಚಿಕಿತ್ಸೆಯೇ ಬೇಡ ಅಂತಲ್ಲ. ದಯವಿಟ್ಟು ಇದೊಂದು ನೆನಪಿಡಿ. ಉಸಿರು ಕಟ್ಟುವ ಸಂಕಟಕ್ಕೆ ಔಷಧ ಇದೆ. ಮಾರ್ಫಿನ್ ನೋವಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ. ತೀರಾ ಸಣ್ಣ ಪ್ರಮಾಣದಲ್ಲಿ ಡಾಕ್ಟರ್ ನಿಗಾದಲ್ಲಿ ಕೊಟ್ಟರೆ ಉಸಿರಿನ ಒದ್ದಾಟವೂ ಇಳಿಯಬಹುದು. ಸರಿಯಾದ ಲೆಕ್ಕದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ. ಮಲ ಕಟ್ಟುತ್ತದೆ, ಅದಕ್ಕೆ ಜೊತೆಗೇ ಗುಳಿಗೆ ಕೊಡಬೇಕು. ಹಿಂದೆ ಇದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಲೈಸೆನ್ಸಿನ ಮೇಲೆ ಲೈಸೆನ್ಸ್ ಬೇಕಿತ್ತು. 2014ರಲ್ಲಿ ಕಾನೂನು ತಿದ್ದಿ ಸಡಿಲ ಮಾಡಿದರು.

ನಿಮ್ಮ ಅಪ್ಪ ದಾರಿಯಲ್ಲಿ ಹೋದರು ಅಂದಿರಿ. ಅದನ್ನು ಓದಿ ಕಣ್ಣು ತುಂಬಿತು. ನಮ್ಮ ಕಡೆ ದಿನಾ ನಡೆಯುವುದು ಇದು. ಕೊನೆ ಗಳಿಗೆಯಲ್ಲಿ ಗಾಬರಿಯಿಂದ ಸಹಿ ಹಾಕಿ, ಒಂದು ಗುಳಿಗೆಯೂ ಇಲ್ಲದೆ ಮನೆಗೆ ಒಯ್ಯುತ್ತಾರೆ. ಅದನ್ನೇ ಒಂದು ವಾರ ಮೊದಲು ಮಾತಾಡಿದ್ದರೆ ಆಕ್ಸಿಜನ್, ಔಷಧ, ಕಫ ತೆಗೆಯುವ ಮಷಿನ್ ಜೋಡಿಸಿಕೊಂಡು ಸಮಾಧಾನವಾಗಿ ಒಯ್ಯಬಹುದಿತ್ತು.

ಚಿತ್ತಾಪುರದ ಸೊಸೆ

ಅಕ್ಕಾ, ನಮ್ಮ ಅತ್ತೆಗೆ ಕೊನೆ ವಾರ ಊಟ ಸೇರುತ್ತಿರಲಿಲ್ಲ. ಬಾಯಿ ತೆರೆಸಿ ಗಂಜಿ ಹಾಕಿದೆವು. ಉಪವಾಸ ಕಳಿಸಿದೆವು ಅನ್ನುವ ಮಾತು ಬರಬಾರದು ಅಂತ. ತಪ್ಪು ಮಾಡಿದೆವಾ?

ಬೀದರ್ ನರ್ಸಕ್ಕ

ಪ್ರೀತಿಯಿಂದ ಮಾಡಿದ್ದೀರಿ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೊನೆಯ ದಿನಗಳಲ್ಲಿ ದೇಹಕ್ಕೆ ಹಸಿವು ತಾನಾಗಿ ಕಡಿಮೆ ಆಗುತ್ತದೆ. ಒತ್ತಾಯದಿಂದ ಹಾಕಿದರೆ ಉಸಿರಿನ ದಾರಿಗೆ ಇಳಿಯುವ ಅಪಾಯ ಇದೆ. ಹತ್ತಿ ನೆನೆಸಿ ತುಟಿ ಒರೆಸುತ್ತಿದ್ದರೆ ಅವರಿಗೆ ಹಿತ. ಕೇಳಿದರೆ ಒಂದು ಚಮಚ. ಅಷ್ಟು ಸಾಕು.

ಆಳಂದ ವಕೀಲ

ಕಾನೂನಿನ ಮಾತು ನಾನು ಹೇಳುತ್ತೇನೆ.

ಹೌದು, ಕಾನೂನಿನ ಬಲ ಇದೆ, ಮತ್ತು ಅದು ಬೆಂಗಳೂರಿಗೆ ಮಾತ್ರ ಅಲ್ಲ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು ಹೇಳಿತು. ಕಾಮನ್ ಕಾಜ್ ಸಂಸ್ಥೆ ಹಾಕಿದ್ದ ಕೇಸು. ಆಗ ಇಟ್ಟ ನಿಯಮ ಬಹಳ ಬಿಗಿ ಇತ್ತು. ಹೀಗೆ ಮುಂಚೆಯೇ ಬರೆದಿಡುವ ಕಾಗದಕ್ಕೆ ಮ್ಯಾಜಿಸ್ಟ್ರೇಟರ ಸಹಿಯೂ ಆಗಬೇಕಿತ್ತು. ಹಳ್ಳಿಯ ಮುದುಕಿಯನ್ನು ಕೋರ್ಟಿಗೆ ಕರೆತರುವುದು ಆಗುವ ಮಾತಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಸಾಕ್ಷಿಗಳು ಮನೆಯವರಲ್ಲದೆ ಬೇರೆಯವರಾದರೆ ಒಳ್ಳೆಯದು. ಬರೆಯುವವರಿಗೆ 18 ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು.

ನಮ್ಮ ರಾಜ್ಯ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಅವರನ್ನು ಇಲ್ಲಿ ನೆನೆಯಲೇಬೇಕು.

ಕಾಗದದಲ್ಲಿ ಮುಖ್ಯವಾದದ್ದು ಎರಡು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅನ್ನುವುದು ಗೊಂದಲ ಇಲ್ಲದಂತೆ ಇರಬೇಕು. ತನಗೆ ಮಾತಾಡಲು ಆಗದಿದ್ದಾಗ ತನ್ನ ಪರವಾಗಿ ಯಾರು ಹೇಳಬೇಕು ಅಂತ ಹೆಸರಿಸಬೇಕು. ಕರ್ನಾಟಕದ ಸುತ್ತೋಲೆಯಲ್ಲಿ ಕನಿಷ್ಠ ಇಬ್ಬರ ಹೆಸರು ಕೇಳಿದ್ದಾರೆ. ಮಗನೇ ಆಗಬೇಕು ಅಂತ ಎಲ್ಲೂ ಇಲ್ಲ. ಕೊಟ್ಟ ಮಗಳೂ ಆಗಬಹುದು, ತಂಗಿ. ಕಾಗದದ ಒಂದು ಪ್ರತಿಯನ್ನು ಹೆಸರಿಸಿದವರಿಗೆ, ಒಂದನ್ನು ನೋಡುವ ಡಾಕ್ಟರಿಗೆ, ಒಂದನ್ನು ಪಂಚಾಯಿತಿ ಅಥವಾ ನಗರಸಭೆಯ ಅಧಿಕಾರಿಗೆ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಎರಡು ಕಾಗದ ಇದ್ದರೆ ಕೊನೆಯದು ನಡೆಯುತ್ತದೆ.

ಒಂದು ಅಡ್ಡ ಮಾತು. ಇದನ್ನು ಜನ ದಯಾಮರಣ ಅನ್ನುತ್ತಾರೆ. ಆ ಪದದಿಂದಲೇ ಅರ್ಧ ಹೆದರಿಕೆ. ಸೂಜಿ ಚುಚ್ಚಿ ಜೀವ ತೆಗೆಯುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ಇಲ್ಲಿ ಹೇಳುತ್ತಿರುವುದು ಗುಣವಾಗುವ ಆಸೆ ಇಲ್ಲದಾಗ ಮಷಿನ್ನಿನಿಂದ ಉಸಿರು ಎಳೆಯುವುದನ್ನು ನಿಲ್ಲಿಸಿ, ಕಾಯಿಲೆ ತನ್ನ ದಾರಿ ಹಿಡಿಯಲು ಬಿಡುವುದು.

ಜೇವರ್ಗಿ ಕಾಕಾ

ವಕೀಲರೇ, ನಾನು ಹಳೆಯ ಮನುಷ್ಯ, ಒಂದು ಕೇಳುತ್ತೇನೆ. ನಮ್ಮ ಊರಲ್ಲಿ ರೊಕ್ಕ ಇಲ್ಲದ್ದಕ್ಕೆ ಎಷ್ಟೋ ಮಂದಿಯನ್ನು ಅರ್ಧಕ್ಕೆ ಮನೆಗೆ ತಂದಿದ್ದಾರೆ. ಹೊಲಕ್ಕೆ ಕಾದು ಕೂತ ಮಕ್ಕಳೂ ಇದ್ದಾರೆ. ಅವರ ಕೈಗೆ ಇಂಥ ಕಾಗದ ಕೊಟ್ಟರೆ ಏನಾಗುತ್ತದೆ? ನನ್ನ ಸ್ವಂತ ಸೋದರತ್ತೆಯ ಕಥೆ ಹಾಗೇ ಆಯಿತು. ಅದಕ್ಕೇ ಹೆದರುತ್ತೇನೆ.

ಆಳಂದ ವಕೀಲ

ಕಾಕಾ, ನಿಮ್ಮ ಹೆದರಿಕೆ ನಿಜವಾದದ್ದು. ಅದಕ್ಕೇ ಕಾಗದ ಒಂದರಿಂದಲೇ ಏನೂ ಆಗುವುದಿಲ್ಲ. ನೋಡುತ್ತಿರುವ ಡಾಕ್ಟರ್ ಮತ್ತು ಕನಿಷ್ಠ 5 ವರ್ಷ ಅನುಭವ ಇರುವ ಇಬ್ಬರು ತಜ್ಞರು ಕೂತು ಮೊದಲು ತೀರ್ಮಾನಿಸಬೇಕು. ಅದರ ಮೇಲೆ ಎರಡನೇ ಬೋರ್ಡ್ ನೋಡಬೇಕು. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ನೇಮಿಸಿದ ಡಾಕ್ಟರ್ ಇರುತ್ತಾರೆ, ಮತ್ತಿಬ್ಬರು ತಜ್ಞರು ಇರುತ್ತಾರೆ. ಮೊದಲನೇ ಬೋರ್ಡಿನಲ್ಲಿದ್ದವರು ಇಲ್ಲಿರುವಂತಿಲ್ಲ. ಎರಡೂ ಬೋರ್ಡು ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಆಮೇಲೆ ಆಸ್ಪತ್ರೆಯವರು ಮ್ಯಾಜಿಸ್ಟ್ರೇಟರಿಗೆ ತಿಳಿಸಿಯೇ ಮುಂದಿನ ಹೆಜ್ಜೆ ಇಡಬೇಕು. ಮಗ ಒಬ್ಬನೇ ನಿಂತು "ತೆಗೀರಿ" ಅಂದರೆ ಯಾರೂ ತೆಗೆಯುವಂತಿಲ್ಲ.

ಕಾಗದ ಇಲ್ಲದವರಿಗೂ ಇದೇ ದಾರಿ ಇದೆ, ಮನೆಯವರ ಒಪ್ಪಿಗೆಯಿಂದ. ಆದರೆ ಆಗ ಮನೆಯವರೇ ಜಗಳಕ್ಕೆ ಬೀಳುತ್ತಾರೆ. ತಂಗಿಯ ಅಣ್ಣಂದಿರ ಹಾಗೆ. ಬೋರ್ಡ್ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಬೋರ್ಡ್ ಮಾಡುವಷ್ಟು ಡಾಕ್ಟರು ಇರುವುದಿಲ್ಲ. ಹಾಗಾಗಿ ಯಾವ ಆಸ್ಪತ್ರೆಗೆ ಹೋಗುತ್ತೀರೋ ಅಲ್ಲಿ ಮೊದಲೇ ಕೇಳಿಡಿ. ನಮ್ಮ ಮೂರೂ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್.

ಬೀದರ್ ನರ್ಸಕ್ಕ

ಕಾಕಾ, ಇನ್ನೊಂದು. "ಏನೇ ಆಗಲಿ, ಎಲ್ಲಾ ಚಿಕಿತ್ಸೆ ಮಾಡಿ" ಅನ್ನುವುದು ನಿಮ್ಮ ಮನಸ್ಸಾದರೆ ಅದನ್ನೂ ಮಕ್ಕಳಿಗೆ ಹೇಳಿ, ಬರೆದಿಡಿ. ಆಗ ನಿಮ್ಮನ್ನು ಅರ್ಧಕ್ಕೆ ಬಿಡಲು ಹೋದವರಿಗೆ ಆ ಮಾತೇ ಅಡ್ಡ ನಿಲ್ಲುತ್ತದೆ.

ಜೇವರ್ಗಿ ಕಾಕಾ

ಇದು ನನಗೆ ಹೊಳೆದಿರಲಿಲ್ಲ. ವಿಚಾರ ಮಾಡುತ್ತೇನೆ, ಅಕ್ಕಾ.

ಸುರಪುರ ಮಾಸ್ತರ್

ನಾನು ಅಪ್ಪನಿಗೆ ಈ ಕಾಗದ ಮಾಡಿಸಿದವನು. ಕಷ್ಟ ಎಲ್ಲಿ ಬಂತು ಅಂತ ಹೇಳುತ್ತೇನೆ. "ಅಪ್ಪಾ, ಒಂದು ಕಾಗದ ಮಾಡಿಸೋಣ" ಅಂದ ಕೂಡಲೇ ಅಪ್ಪ ಕೇಳಿದ್ದು, "ಯಾವ ಸರ್ವೆ ನಂಬರ್?" ಅಂತ. ಸಹಿ ಅಂದರೆ ಹೊಲ ಬರೆಸಿಕೊಳ್ಳುವುದು ಅಂತಲೇ ಅವರ ಲೆಕ್ಕ. ತಮ್ಮನೂ ಅದೇ ಅನುಮಾನ ಪಟ್ಟ. ಹತ್ತು ದಿನ ಮನೆಯಲ್ಲಿ ಮುಖ ಮುಖ ನೋಡಲಿಲ್ಲ.

ಆಮೇಲೆ ಬೇರೆ ದಾರಿ ಹಿಡಿದೆ. ಕಾಗದದ ಮಾತೇ ಬಿಟ್ಟೆ. ಎಲ್ಲರೂ ಕೂತಿದ್ದಾಗ ಅರುಣಾ ಶಾನಭಾಗರ ಕಥೆ ಹೇಳಿದೆ. ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈನಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಅವರ ಮೇಲೆ ದಾಳಿ ಆಯಿತು. 2015ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಹಾಸಿಗೆಯಲ್ಲೇ ಇದ್ದರು. ಅವರಿಗೆ ಏನು ಬೇಕಿತ್ತು ಅಂತ ಕೋರ್ಟಿನಲ್ಲಿ ಬೇರೆಯವರು ವಾದ ಮಾಡಿದರು. ಅವರು ಬಾಯಿ ಬಿಟ್ಟು ಹೇಳಲು ಆಗಲೇ ಇಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. "ನನಗೇನರ ಆದ್ರ ನೀವಿಬ್ಬರೂ ಹಿಂಗ ಬಡದಾಡ್ತೀರಿ" ಅಂದರು. ಅಲ್ಲಿಂದ ಮಾತು ಸಲೀಸಾಯಿತು.

ತಮ್ಮನನ್ನೂ ಎರಡನೇ ಹೆಸರಾಗಿ ಬರೆಸಿದೆವು. ಆಗ ಅವನ ಅನುಮಾನ ಹೋಯಿತು. ಕಾಗದ ಕನ್ನಡದಲ್ಲೇ ಬರೆದೆವು. "ಇದರಲ್ಲಿ ಆಸ್ತಿಯ ಮಾತು ಏನೂ ಇಲ್ಲ" ಅಂತ ಮೊದಲ ಸಾಲಿನಲ್ಲೇ ಹಾಕಿದೆವು. ಅಪ್ಪನಿಗೆ ಓದು ಬರುವುದಿಲ್ಲ, ಹೆಬ್ಬೆಟ್ಟು. ನೋಟರಿ ಪೂರಾ ಓದಿ ಹೇಳಿ, ಅಪ್ಪನ ಬಾಯಿಂದ ತಿರುಗಿ ಹೇಳಿಸಿ, ಹಾಗೆ ಮಾಡಿದ್ದನ್ನು ಕೆಳಗೆ ಬರೆದರು.

ಪಂಚಾಯಿತಿಯಲ್ಲಿ ಪ್ರತಿ ಕೊಡಲು ಹೋದಾಗ ಅಲ್ಲಿದ್ದವರಿಗೆ ಇದು ಹೊಸದು. ಸುತ್ತೋಲೆಯ ಪ್ರತಿ ತೋರಿಸಬೇಕಾಯಿತು. ಎರಡನೇ ಸಲ ಹೋದಾಗ ಮುದ್ರೆ ಹಾಕಿ ಸ್ವೀಕೃತಿ ಕೊಟ್ಟರು. ಆಧಾರ್, ಆಯುಷ್ಮಾನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಈ ಕಾಗದ ಇಡಿ. ಟ್ರಂಕಿನ ತಳದಲ್ಲಿ ಇಟ್ಟರೆ ರಾತ್ರಿ ಎರಡು ಗಂಟೆಗೆ ಯಾರಿಗೂ ಸಿಗುವುದಿಲ್ಲ.

ಹುಮನಾಬಾದ್ ಭಾಯಿ

ಅಕ್ಕಾರೇ, ನಮ್ಮ ಅಬ್ಬಾಗೆ ಕ್ಯಾನ್ಸರ್ ಇತ್ತು. ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ ತೋರಿಸುತ್ತಿದ್ದೆವು. ಕೊನೆಗೆ ಇನ್ನು ಕಿಮೋ ಬೇಡ ಅಂತ ಅಬ್ಬಾನೇ ಹೇಳಿದರು. ನನಗೆ ಭಯ, ಇದು ಗುನಾಹ್ ಆಗುತ್ತದೆಯೇ ಅಂತ. ಮೌಲಾನಾ ಸಾಹೇಬರನ್ನು ಕೇಳಿದೆ. "ಜೀವ ತೆಗೆಯುವುದು ಬೇರೆ, ಫಲ ಕೊಡದ ಇಲಾಜು ಬಿಡುವುದು ಬೇರೆ. ನೋವು ಕಡಿಮೆ ಮಾಡುವುದು ಪುಣ್ಯದ ಕೆಲಸ" ಅಂದರು. ಅಬ್ಬಾ ಮನೆಯಲ್ಲೇ, ಕಿಬ್ಲಾದ ಕಡೆ, ಅಂದರೆ ಮೆಕ್ಕಾದ ದಿಕ್ಕಿಗೆ ಮುಖ ಮಾಡಿ, ನನ್ನ ತಂಗಿ ಕುರಾನಿನ ಯಾಸೀನ್ ಓದುತ್ತಿದ್ದಾಗ ಹೋದರು. ನೋವಿನ ಗುಳಿಗೆ ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಟ್ಟೆವು. ನಿಮ್ಮ ಅವ್ವ ನಂಬುವ ಮಠದ ಸ್ವಾಮಿಗಳು ಇದ್ದರೆ ಅವರ ಮುಂದೆಯೂ ಈ ಮಾತು ಆಗಲಿ. ಧೈರ್ಯ ಬರುತ್ತದೆ.

ಬೆಂಗಳೂರಿನಲ್ಲಿರುವ ಸೇಡಂ ಮಗ

ನಿಮ್ಮ ದೊಡ್ಡಣ್ಣನ ಪರವಾಗಿ ಒಂದು ಮಾತು. ನಾನೂ ದೂರ ಇರುವ ಮಗ. ಅವ್ವನಿಗೆ ಕಿಡ್ನಿ ಹೋದಾಗ ಫೋನಿನಲ್ಲೇ "ಎಲ್ಲಾ ಮಾಡ್ರಿ, ರೊಕ್ಕ ನಾ ಕಳಸ್ತೀನಿ" ಅಂತ ಕೂಗಿದೆ. ನಾನು ನೋಡಿರಲಿಲ್ಲ. ಡಯಾಲಿಸಿಸ್‌ನಿಂದ ಬಂದ ರಾತ್ರಿ ಅವ್ವ ಹೇಗಿರುತ್ತಿದ್ದಳು ಅಂತ ತಂಗಿ ನೋಡಿದ್ದಳು. ವರ್ಷಕ್ಕೆ ಎರಡು ಸಲ ಬರುವ ಮಗನಿಗೆ ಸೇವೆ ಮಾಡದ ಸಂಕಟ ಇರುತ್ತದೆ. ಅದು ಐಸಿಯು ಬಾಗಿಲಲ್ಲಿ ಸಿಟ್ಟಾಗಿ ಹೊರಗೆ ಬರುತ್ತದೆ. ಅವರನ್ನು ಬಿಟ್ಟು ಮಾತು ಮುಗಿಸಬೇಡಿ. ವಿಡಿಯೋ ಕಾಲ್ ಆದರೂ ಪರವಾಗಿಲ್ಲ, ಅವ್ವನ ಬಾಯಿಂದಲೇ ಕೇಳಲಿ.

ಶಹಾಬಾದ್ ಮಗಳು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ನರ್ಸಕ್ಕ ಹೇಳಿದಂತೆ ಮಾಡಿದೆ. ಸಂಜೆ ಪಡಸಾಲೆಯಲ್ಲಿ ಇಬ್ಬರೂ ಮೆಂತ್ಯ ಪಲ್ಯ ಸೋಸುತ್ತಾ ಕೂತಿದ್ದೆವು. ಅಪ್ಪನ ಮಾತು ತೆಗೆದೆ. ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅವರ ಕೈ ಕಟ್ಟಿದ್ರಲ್ಲ, ಅದು ನನ್ನ ಕಣ್ಣಾಗಿಂದ ಹೋಗವಲ್ದು" ಅಂದಳು. ಮೂರು ವರ್ಷ ಇದನ್ನು ಒಳಗೇ ಇಟ್ಟುಕೊಂಡಿದ್ದಳು. ಇಬ್ಬರೂ ಅತ್ತೆವು.

ಮರುದಿನ ತಾನಾಗಿಯೇ ಶುರು ಮಾಡಿದಳು. ಡಾಕ್ಟರ ಹತ್ತಿರ ಹೋಗಿ ಮಾಸ್ಕ್, ನಳಿಗೆ ಎಲ್ಲ ಬಿಡಿಸಿ ಕೇಳಿದೆವು. ಅವರು ಅವ್ವನಿಗೇ ಹೇಳಿದರು, ನನಗಲ್ಲ. ಅದು ಅವ್ವನಿಗೆ ಬಹಳ ಹಿಡಿಸಿತು. ಹೊರಗೆ ಬಂದು ಹೇಳಿದಳು: "ಮಾಸ್ಕ ಹಾಕ್ರಿ, ಸೂಜಿ ಹಾಕ್ರಿ. ಗಂಟಲಾಗ ನಳಿಗಿ ಬ್ಯಾಡ. ನನ್ನ ಮಾತ ಕಸಗೋಬ್ಯಾಡ್ರಿ."

ಎದೆ ಒತ್ತುವುದು ಬೇಡ ಅಂದಿದ್ದಾಳೆ. ಉಸಿರಿನ ಸಂಕಟಕ್ಕೆ ಔಷಧ ಬೇಕೇ ಬೇಕು ಅಂದಿದ್ದಾಳೆ. ಡಾಕ್ಟರ್ ಇನ್ನು ಆಗದು ಅಂದ ಮೇಲೆ ಊರಿಗೆ ಒಯ್ಯಬೇಕು, ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಮಲಗಿಸಬೇಕು, ಬೇವಿನ ಗಿಡ ಕಾಣಬೇಕು. ಇದನ್ನೂ ಕಾಗದದಲ್ಲಿ ಬರೆಸುತ್ತಿದ್ದೇನೆ. ಕಾನೂನಿಗೆ ಬೇಕಿಲ್ಲದಿರಬಹುದು, ನಮಗೆ ಬೇಕು.

ಯಾರ ಹೆಸರು ಬರೆಸಲಿ ಅಂದೆ. ನಾನೂ ಸಣ್ಣಣ್ಣನೂ ಅಂತ ಅಂದುಕೊಂಡಿದ್ದೆ. ಅವ್ವ ನನ್ನ ಹೆಸರು ಹೇಳಿದಳು, ಆಮೇಲೆ ದೊಡ್ಡಣ್ಣನ ಹೆಸರು. "ದೊಡ್ಡವ ನನ್ನ ಬಾಯಿಂದ ಕೇಳ್ಲಿ, ಅವನೇ ಹೇಳ್ಲಿ. ಈ ಸಲ ಸಣ್ಣವನ ಮ್ಯಾಲ ಬರಬಾರದು" ಎಂದಳು.

ಪುಣೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವ್ವ ಎಲ್ಲ ಹೇಳಿದಳು. ದೊಡ್ಡಣ್ಣ ಅರ್ಧ ತಾಸು ಏನೂ ಮಾತಾಡಲಿಲ್ಲ, ಬರೀ ಹ್ಞೂಂ ಅಂದ. ಕೊನೆಗೆ "ನೋಟರಿ ಹತ್ತಿರ ಯಾವಾಗ ಹೋಗೋದು?" ಅಂತ ಕೇಳಿದ.

ಸೋಮವಾರ ಹೋಗುತ್ತಿದ್ದೇವೆ. ಶನಿವಾರ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಅಣ್ಣ ಬರುತ್ತಾನೆ. ಸ್ಟೇಷನ್ನಿಗೆ ತಾನೇ ಹೋಗಿ ಕರೆತರುತ್ತೇನೆ ಅಂದಿದ್ದಾನೆ ಸಣ್ಣಣ್ಣ.